ಮೊದಲು ಮೈ, ಆಮೇಲೆ ಮಾತು: ಭಾವನೆ ಉಕ್ಕಿ ಬಂದಾಗ ಏನು ಮಾಡಬೇಕು?

ರಾತ್ರಿ ಒಂಬತ್ತೂವರೆ. ಮೊಬೈಲಿಗೆ ಒಂದು ಮೆಸೇಜು ಬರುತ್ತದೆ. "ನಾಳೆ ಬೆಳಿಗ್ಗೆ ಬಂದ ಕೂಡಲೇ ನನ್ನನ್ನು ನೋಡಿ." ಕಳಿಸಿದವರು ನಿಮ್ಮ ಮೇಲಧಿಕಾರಿ. ಯಾಕೆ, ಏನು ಅಂತ ಬರೆದಿಲ್ಲ. ಅಷ್ಟಕ್ಕೇ ಹೊಟ್ಟೆಯೊಳಗೆ ಏನೋ ಜಾರಿದಂತಾಗುತ್ತದೆ. ಎದೆ ಹೊಡೆದುಕೊಳ್ಳುತ್ತದೆ. ಅಂಗೈ ಬೆವರುತ್ತದೆ. "ಸುಮ್ನೆ ಯಾಕೆ ಹೆದರ್ತೀಯ, ಏನೂ ಆಗಿರಲ್ಲ" ಎಂದು ನಿಮಗೆ ನೀವೇ ಹೇಳಿಕೊಳ್ಳುತ್ತೀರಿ. ಮೈ ಕೇಳುವುದಿಲ್ಲ. ಮತ್ತೆ ಹೇಳಿಕೊಳ್ಳುತ್ತೀರಿ. ಆಗಲೂ ಕೇಳುವುದಿಲ್ಲ.

ಆ ಸಮಾಧಾನದ ಮಾತಿನಲ್ಲಿ ತಪ್ಪಿಲ್ಲ. ಅದನ್ನು ಹೇಳಿಕೊಂಡ ಹೊತ್ತು ಸರಿಯಿಲ್ಲ, ಅಷ್ಟೇ. ಭಾವನೆ ಹುಟ್ಟುವಾಗ ಮೆದುಳು ಮತ್ತು ನರಗಳು ಒಂದು ಸರದಿಯಲ್ಲಿ ಕೆಲಸ ಮಾಡುತ್ತವೆ. ಅದನ್ನು ಇಳಿಸುವಾಗ ನಾವೂ ಆ ಸರದಿಯನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಮೊದಲು ಮೈ, ಆಮೇಲೆ ಹೆಸರು, ಆಮೇಲೆ ಯೋಚನೆ, ಕೊನೆಗೆ ಮಾತು ಮತ್ತು ಕೆಲಸ. ನಾವು ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ಮೊದಲು ಮಾತಾಡಿಬಿಡುತ್ತೇವೆ, ಆಮೇಲೆ ಯೋಚಿಸುತ್ತೇವೆ, ಮೈ ಕಡೆಗೆ ನೋಡುವುದೇ ಇಲ್ಲ.

ಈ ಸರದಿಯನ್ನು ಹೆಜ್ಜೆ ಹೆಜ್ಜೆಯಾಗಿ ಹೇಗೆ ರೂಢಿ ಮಾಡಿಕೊಳ್ಳುವುದು ಎಂದು ಇಲ್ಲಿ ಬರೆದಿದ್ದೇನೆ. ಅದಕ್ಕೂ ಮೊದಲು, ಒಳಗೆ ಏನು ನಡೆಯುತ್ತದೆ ಎಂದು ಸ್ವಲ್ಪ ತಿಳಿಯಬೇಕು. ಯಾಕೆ ಮಾಡುತ್ತಿದ್ದೇವೆ ಅಂತ ಗೊತ್ತಿದ್ದರೆ ಮಾತ್ರ ಇಂಥ ಅಭ್ಯಾಸ ಕೈಗೆ ಹತ್ತುತ್ತದೆ.

ಒಳಗೆ ನಡೆಯುವುದು

ಹಾವು ಕಂಡವನಿಗೆ ಹಗ್ಗವೂ ಹಾವೇ. ಮಬ್ಬುಗತ್ತಲಲ್ಲಿ ನಡೆಯುವಾಗ ಕಾಲ ಬಳಿ ಉದ್ದನೆಯದೇನೋ ಕಂಡರೆ, ಅದು ಏನೆಂದು ತಿಳಿಯುವ ಮೊದಲೇ ಕಾಲು ಹಿಂದಕ್ಕೆ ಬಂದಿರುತ್ತದೆ. ಅಮೆರಿಕದ ನರವಿಜ್ಞಾನಿ ಜೋಸೆಫ್ ಲೆಡೂ ಇದನ್ನು ಎರಡು ದಾರಿಗಳ ಲೆಕ್ಕದಲ್ಲಿ ವಿವರಿಸಿದರು. ಕಣ್ಣು ಕಿವಿಗಳಿಂದ ಬಂದ ಸುದ್ದಿ ಮೆದುಳಿನ ನಡುವೆ ಇರುವ ಥಲಾಮಸ್ ಎಂಬ ಜಂಕ್ಷನ್ನಿಗೆ ಬರುತ್ತದೆ. ಅಲ್ಲಿಂದ ಒಂದು ಅಡ್ಡದಾರಿ ನೇರವಾಗಿ ಅಮಿಗ್ಡಲಾಕ್ಕೆ ಹೋಗುತ್ತದೆ. ಅಮಿಗ್ಡಲಾ ಎಂದರೆ ಬಾದಾಮಿ ಆಕಾರದ ಒಂದು ಚಿಕ್ಕ ಭಾಗ. ಮೆದುಳಿನ ಎಡಕ್ಕೊಂದು, ಬಲಕ್ಕೊಂದು ಇದೆ. ಇನ್ನೊಂದು ದಾರಿ ಉದ್ದದ್ದು. ಅದು ಮೆದುಳಿನ ಹೊರಪದರವನ್ನು ಸುತ್ತಿಕೊಂಡು ಬರುತ್ತದೆ. ಅಲ್ಲಿ "ಇದು ನಿಜಕ್ಕೂ ಏನು" ಎಂಬ ವಿಚಾರಣೆ ನಡೆಯುತ್ತದೆ. ಅಡ್ಡದಾರಿಯ ಸುದ್ದಿ ಒರಟು, ಆದರೆ ಬೇಗ ತಲುಪುತ್ತದೆ. ಉದ್ದದಾರಿಯ ಸುದ್ದಿ ನಿಖರ, ಆದರೆ ತಡ.

ಅಪಾಯ ಅನ್ನಿಸಿತೋ, ಅಮಿಗ್ಡಲಾ ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಭಾಗಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಸಿಂಪಥೆಟಿಕ್ ನರಗಳು, ಅಂದರೆ ಮೈಯನ್ನು ತುರ್ತಿಗೆ ಸಜ್ಜು ಮಾಡುವ ನರಗಳು, ಎದ್ದು ಕೂರುತ್ತವೆ. ಕಿಡ್ನಿಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಸುತ್ತವೆ. ಎದೆಬಡಿತ ಏರುತ್ತದೆ, ಉಸಿರು ಮೇಲಕ್ಕೆ ಬರುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ರಕ್ತ ತೋಳು ತೊಡೆಗಳ ಕಡೆಗೆ ಹರಿಯುತ್ತದೆ. ಓಡಲು ಅಥವಾ ಹೊಡೆದಾಡಲು ಮೈ ತಯಾರು. ವಾಲ್ಟರ್ ಕ್ಯಾನನ್ ಎಂಬ ಶರೀರವಿಜ್ಞಾನಿ 1915ರಷ್ಟು ಹಿಂದೆಯೇ ಈ ತಯಾರಿಯ ಬಗ್ಗೆ ಬರೆದಿದ್ದರು. ಇದರ ಹಿಂದೆಯೇ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ನಿಧಾನಕ್ಕೆ ಏರುತ್ತದೆ. ಅದು ಗರಿಷ್ಠ ಮಟ್ಟ ಮುಟ್ಟುವುದು ಸುಮಾರು 20ರಿಂದ 30 ನಿಮಿಷ ಕಳೆದ ಮೇಲೆ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಹಣೆಯ ಹಿಂದಿರುವ ಪ್ರಿಫ್ರಂಟಲ್ ಕಾರ್ಟೆಕ್ಸ್. ತೂಗಿ ನೋಡುವುದು, ತಡೆದುಕೊಳ್ಳುವುದು, ನಾಳೆಯ ಬಗ್ಗೆ ಯೋಚಿಸುವುದು ಇದರ ಕೆಲಸ. ಒತ್ತಡ ಜಾಸ್ತಿಯಾದಾಗ ಮೊದಲು ಮಂಕಾಗುವುದೂ ಇದೇ. "ಆಗ ತಲೆಯೇ ಓಡಲಿಲ್ಲ" ಅಂತ ನಾವು ಹೇಳುತ್ತೇವಲ್ಲ, ಅದು ಬರೀ ಮಾತಲ್ಲ. ನಮ್ಮ ಸಮಾಧಾನದ ಮಾತು ಮೈಗೆ ತಲುಪದಿರುವುದು ಇದಕ್ಕೇ. ಮಾತು ಹುಟ್ಟುವ ಜಾಗವೇ ಆಗ ಅರ್ಧ ಮುಚ್ಚಿರುತ್ತದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಅಮಿಗ್ಡಲಾವನ್ನು "ಭಯದ ಬಟನ್" ಎಂದು ಕರೆಯುವುದು ತುಂಬಾ ಹರಡಿದೆ. ವಿಷಯ ಅಷ್ಟು ಸರಳವಾಗಿಲ್ಲ. ಎಸ್.ಎಂ. ಎಂಬ ಅಕ್ಷರಗಳಿಂದ ವೈದ್ಯಲೋಕಕ್ಕೆ ಗೊತ್ತಿರುವ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಬದಿಯ ಅಮಿಗ್ಡಲಾ ಹಾಳಾಗಿತ್ತು. ಹಾವು, ಜೇಡ, ಭಯಾನಕ ಸಿನಿಮಾ ಯಾವುದಕ್ಕೂ ಆಕೆ ಹೆದರುತ್ತಿರಲಿಲ್ಲ. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಶೇಕಡಾ 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಒಮ್ಮೆ ಎಳೆದುಕೊಂಡಾಗ ಆಕೆ ಗಾಬರಿಯಿಂದ ನಡುಗಿದರು. ಹೊರಗಿನ ಅಪಾಯಕ್ಕೆ ಏಳದ ಭಯ ಮೈಯೊಳಗಿನ ಉಸಿರುಗಟ್ಟುವಿಕೆಗೆ ಎದ್ದಿತು. ಅಂದರೆ ಭಯಕ್ಕೆ ಒಂದೇ ಮನೆ ಇಲ್ಲ. ಭಾವನೆ ಎನ್ನುವುದು ಮೆದುಳಿನ ಹಲವು ಭಾಗಗಳು ಮತ್ತು ಇಡೀ ಮೈ ಸೇರಿ ಮಾಡುವ ಕೆಲಸ.

ಮೈ ಎಂದೆ. ಅದಕ್ಕೆ ಕಾರಣ ಇದೆ. ಮೆದುಳಿನ ಬುಡದಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆಯವರೆಗೂ ಇಳಿಯುವ ವೇಗಸ್ ಎಂಬ ನರ ಇದೆ. ಅದರೊಳಗಿನ ಎಳೆಗಳಲ್ಲಿ ಸುಮಾರು ನೂರಕ್ಕೆ 80 ಎಳೆಗಳು ಸುದ್ದಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯುತ್ತವೆ. ಮೆದುಳು ಮೈಗೆ ಹೇಳುವುದಕ್ಕಿಂತ ಮೈ ಮೆದುಳಿಗೆ ಹೇಳುವುದೇ ಜಾಸ್ತಿ. ಕೆಳಗೆ ಬರೆದಿರುವ ಹೆಜ್ಜೆಗಳು ನಿಂತಿರುವುದೇ ಇದರ ಮೇಲೆ.

ಮೊದಲ ಹೆಜ್ಜೆ: ಮೈ ಏನು ಹೇಳುತ್ತಿದೆ ಎಂದು ನೋಡಿ

ಎದೆ ಧಸಕ್ಕೆಂದಿತು. ಕರುಳು ಚುರ್ ಎಂದಿತು. ಗಂಟಲು ಕಟ್ಟಿ ಬಂತು. ಕೈಕಾಲು ತಣ್ಣಗಾಯಿತು. ಹೊಟ್ಟೆ ಉರಿಯಿತು. ಮೈ ಜುಮ್ಮೆಂದಿತು. ನಮ್ಮ ಭಾಷೆ ಭಾವನೆಯನ್ನು ಎಂದೂ ತಲೆಯಲ್ಲಿ ಇಟ್ಟಿಲ್ಲ, ನೋಡಿ. ಮೈಯ ಒಂದೊಂದು ಜಾಗಕ್ಕೆ ಒಂದೊಂದನ್ನು ಕೊಟ್ಟಿದೆ. ನನಗೆ ಇದು ತುಂಬಾ ಇಷ್ಟದ ವಿಷಯ. ಅಮೆರಿಕದ ಮನೋವಿಜ್ಞಾನಿ ವಿಲಿಯಂ ಜೇಮ್ಸ್ 1884ರಲ್ಲಿ, ಮೊದಲು ಮೈ ಬದಲಾಗುತ್ತದೆ, ಆ ಬದಲಾವಣೆ ನಮಗೆ ತಿಳಿಯುವುದೇ ಭಾವನೆ ಎಂದು ವಾದ ಮಾಡಿದಾಗ ಅದು ದೊಡ್ಡ ಚರ್ಚೆಯಾಯಿತು. ಆ ವಾದ ಪೂರ್ತಿ ನಿಲ್ಲಲಿಲ್ಲ. ಆದರೆ ಅದರೊಳಗಿನ ತಿರುಳು ಇವತ್ತಿಗೂ ಉಳಿದಿದೆ.

ಈಗ ನೀವು ಮಾಡಬೇಕಾದ್ದು ಇಷ್ಟು. ಒಂದು ವಾರ, ಮನಸ್ಸು ಕಲಕಿದಾಗಲೆಲ್ಲ ಮೈಯಲ್ಲಿ ಮೊದಲು ಎಲ್ಲಿ ಗೊತ್ತಾಯಿತು ಎಂದು ಎರಡೇ ಪದದಲ್ಲಿ ಬರೆದಿಡಿ. "ದವಡೆ ಬಿಗಿ." "ಹೊಟ್ಟೆ ಖಾಲಿ." "ಕಿವಿ ಬಿಸಿ." ಕಾರಣ ಬರೆಯಬೇಡಿ, ಯಾರ ತಪ್ಪು ಅಂತ ಬರೆಯಬೇಡಿ. ಜಾಗ ಮಾತ್ರ. ವಾರ ಕಳೆಯುವಷ್ಟರಲ್ಲಿ ನಿಮ್ಮ ಮೈ ಒಂದೇ ಮೊದಲ ಸುಳಿವನ್ನು ಮತ್ತೆ ಮತ್ತೆ ಕೊಡುವುದು ಸಾಮಾನ್ಯವಾಗಿ ಕಾಣುತ್ತದೆ. ನನ್ನದು ಭುಜ. ಸಿಟ್ಟು ಬರುತ್ತಿದೆ ಎಂದು ನನಗೆ ಗೊತ್ತಾಗುವ ಮೊದಲೇ ಎರಡೂ ಭುಜ ಕಿವಿಯ ಕಡೆಗೆ ಏರಿರುತ್ತವೆ. ಈ ಸುಳಿವು ಸಿಕ್ಕರೆ ಅರ್ಧ ಕೆಲಸ ಆದಂತೆ. ಭಾವನೆ ಚಿಕ್ಕದಿರುವಾಗಲೇ ಅದನ್ನು ಹಿಡಿಯಬಹುದು.

ಮೈಯ ಸುದ್ದಿಯನ್ನು ಓದುವ ಭಾಗ ಮೆದುಳಿನಲ್ಲಿ ಇದೆ. ಅದರ ಹೆಸರು ಇನ್ಸುಲಾ. 2004ರ ಒಂದು ಅಧ್ಯಯನದಲ್ಲಿ, ನಾಡಿ ಮುಟ್ಟದೆ ತಮ್ಮ ಎದೆಬಡಿತವನ್ನು ಗುರುತಿಸಬಲ್ಲವರಲ್ಲಿ ಬಲಬದಿಯ ಇನ್ಸುಲಾ ಹೆಚ್ಚು ಚುರುಕಾಗಿದ್ದದ್ದು ಕಂಡುಬಂತು.

ಮೈಯನ್ನು ಓದುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಿ: ಇದಕ್ಕೆ ಬೇರೆ ಕಾರಣ ಇದೆಯಾ? ಎದೆಬಡಿತ ಯಾಕೆ ಏರಿತು ಎಂದು ಮೆದುಳಿಗೆ ನೇರವಾಗಿ ಗೊತ್ತಾಗುವುದಿಲ್ಲ. ಅದು ಸುತ್ತಮುತ್ತ ನೋಡಿ ಊಹಿಸುತ್ತದೆ. 1974ರಲ್ಲಿ ಕೆನಡಾದ ಕ್ಯಾಪಿಲಾನೋ ಎಂಬಲ್ಲಿ ಡಟನ್ ಮತ್ತು ಆರನ್ ಎಂಬ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಆಳವಾದ ಕಣಿವೆಯ ಮೇಲೆ ಓಲಾಡುವ ತೂಗುಸೇತುವೆಯಲ್ಲಿ ಒಬ್ಬ ಯುವತಿ ಗಂಡಸರನ್ನು ಮಾತಾಡಿಸಿ ತನ್ನ ಫೋನ್ ನಂಬರ್ ಕೊಟ್ಟಳು. ತಗ್ಗಿನಲ್ಲಿದ್ದ ಗಟ್ಟಿ ಸೇತುವೆಯಲ್ಲೂ ಹೀಗೇ ಮಾಡಿದಳು. ಆಮೇಲೆ ಫೋನ್ ಮಾಡಿದವರು ಹೆಚ್ಚು ಮಂದಿ ತೂಗುಸೇತುವೆಯವರೇ. ಎತ್ತರಕ್ಕೆ ಹೊಡೆದುಕೊಂಡ ಎದೆಯನ್ನು ಅವರ ಮೆದುಳು ಆಕರ್ಷಣೆ ಎಂದು ಓದಿತ್ತು ಎಂಬುದು ಪ್ರಯೋಗ ಮಾಡಿದವರ ವಿವರಣೆ. ಹಾಗೆಯೇ ಹಸಿವು, ನಿದ್ದೆಗೇಡು, ಮೂರನೇ ಕಪ್ ಕಾಫಿ ಇವೆಲ್ಲ ಆತಂಕದ ವೇಷದಲ್ಲಿ ಬರಬಹುದು. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೂ ಎದೆಬಡಿತ, ನಡುಕ, ತಳಮಳ ಬರುತ್ತದೆ. ಕಾರಣವಿಲ್ಲದೆ ವಾರಗಟ್ಟಲೆ ಹೀಗೆ ಆಗುತ್ತಿದ್ದರೆ ರಕ್ತಪರೀಕ್ಷೆ ಮಾಡಿಸಿ. ಮನಸ್ಸನ್ನು ಬೈಯುವ ಮೊದಲು ಮೈಯನ್ನು ಪರೀಕ್ಷಿಸುವುದು ನ್ಯಾಯ.

ಎರಡನೇ ಹೆಜ್ಜೆ: ಉಸಿರನ್ನು ಹಿಡಿದು ಇಳಿಯಿರಿ

ಎದೆಬಡಿತವನ್ನು ಕಡಿಮೆ ಮಾಡು ಎಂದು ಹೃದಯಕ್ಕೆ ಹೇಳಲು ಆಗುವುದಿಲ್ಲ. ಬೆವರು ನಿಲ್ಲಿಸು ಎಂದು ಚರ್ಮಕ್ಕೂ ಹೇಳಲಾಗದು. ಉಸಿರು ಮಾತ್ರ ಬೇರೆ. ಅದು ತನ್ನಷ್ಟಕ್ಕೆ ತಾನೂ ನಡೆಯುತ್ತದೆ, ನಾವು ಹೇಳಿದರೂ ಕೇಳುತ್ತದೆ. ಹಾಗಾಗಿ ಒಳಗೆ ಹೋಗಲು ನಮಗೆ ಸುಲಭವಾಗಿ ಸಿಗುವ ಬಾಗಿಲು ಅದೇ.

ಈಗಲೇ ಪರೀಕ್ಷಿಸಿ ನೋಡಿ. ಮಣಿಕಟ್ಟಿನಲ್ಲಿ ನಾಡಿ ಹಿಡಿಯಿರಿ. ನಿಧಾನಕ್ಕೆ ಉಸಿರು ಒಳಗೆಳೆದುಕೊಳ್ಳಿ, ನಾಡಿ ತುಸು ಬೇಗ ಆಗುತ್ತದೆ. ಉದ್ದಕ್ಕೆ ಹೊರಗೆ ಬಿಡಿ, ನಿಧಾನವಾಗುತ್ತದೆ. ಹೊರಬಿಡುವಾಗ ವೇಗಸ್ ನರ ಹೃದಯದ ಮೇಲೆ ಬ್ರೇಕ್ ಒತ್ತುತ್ತದೆ. ಈ ಬ್ರೇಕ್ ಹೇಗೆ ಕೆಲಸ ಮಾಡುತ್ತದೆ ಎಂದು ಕಂಡುಹಿಡಿದವರು ಓಟೋ ಲೋವಿ ಎಂಬ ವಿಜ್ಞಾನಿ. ಅವರು ಎರಡು ಕಪ್ಪೆಗಳ ಹೃದಯ ತೆಗೆದುಕೊಂಡು, ಒಂದರ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರು. ಬಡಿತ ನಿಧಾನವಾಯಿತು. ಆ ಹೃದಯವಿದ್ದ ದ್ರವವನ್ನು ಎರಡನೆಯದಕ್ಕೆ ಹಾಕಿದರೆ ಅದರ ಬಡಿತವೂ ನಿಧಾನವಾಯಿತು! ನರಗಳು ರಾಸಾಯನಿಕದ ಮೂಲಕ ಮಾತಾಡುತ್ತವೆ ಎಂದು ಹೀಗೆ ಗೊತ್ತಾಯಿತು. 1921ರಲ್ಲಿ ಪ್ರಕಟವಾದ ಈ ಪ್ರಯೋಗದ ಉಪಾಯ ಅವರಿಗೆ ಹೊಳೆದದ್ದು ಕನಸಿನಲ್ಲಂತೆ. 1936ರಲ್ಲಿ ಅವರಿಗೆ ನೊಬೆಲ್ ಬಂತು. ಆ ರಾಸಾಯನಿಕವೇ ಅಸಿಟೈಲ್‌ಕೋಲಿನ್. ನೀವು ನಿಟ್ಟುಸಿರು ಬಿಡುವಾಗ ಹೃದಯಕ್ಕೆ ತಲುಪುವುದೂ ಅದೇ.

ಮಾಡುವ ವಿಧಾನ: ಬೆನ್ನಿಗೆ ಆಸರೆ ಕೊಟ್ಟು ಕೂರಿ. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದುಕೊಳ್ಳಿ. ಆರು ಎಣಿಸುವಷ್ಟು ಹೊತ್ತು ಬಿಡಿ. ಸೆಕೆಂಡಿಗೆ ಒಂದರಂತೆ ಎಣಿಸಿದರೆ ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಐದು ನಿಮಿಷ ಸಾಕು. ಹೊಟ್ಟೆ ಉಬ್ಬಬೇಕು, ಎದೆ ಎತ್ತಬಾರದು.

ಅಷ್ಟು ವ್ಯವಧಾನ ಇಲ್ಲ, ಎದುರಿಗೆ ಜನ ಇದ್ದಾರೆ ಅನ್ನಿ. ಆಗ ಮೂಗಿನಿಂದ ಒಂದು ಉಸಿರು ಎಳೆದು, ಬಿಡುವ ಮೊದಲು ಮೇಲಿಂದ ಇನ್ನೊಂದು ಚಿಕ್ಕ ಎಳೆತ ಎಳೆದು, ಬಾಯಿಂದ ಉದ್ದಕ್ಕೆ ಬಿಡಿ. ಅತ್ತು ಸಮಾಧಾನವಾದ ಮಕ್ಕಳು ಬಿಡುವ ಉಸಿರು ಹೀಗೇ ಇರುತ್ತದೆ, ಗಮನಿಸಿದ್ದೀರಾ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಕ್ಕೆ ಐದು ನಿಮಿಷದಂತೆ ಒಂದು ತಿಂಗಳು ಹೀಗೆ ಮಾಡಿದವರ ಮನಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. "ಜೋರಾಗಿ ಉಸಿರಾಡು" ಎಂದು ಯಾರೋ ಹೇಳಿದ್ದನ್ನು ಕೇಳಿ ದೊಡ್ಡ ದೊಡ್ಡ ಉಸಿರು ಬೇಗ ಬೇಗ ಎಳೆಯುತ್ತಾರೆ. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಸುತ್ತುತ್ತದೆ, ಬೆರಳು ತುಟಿ ಜುಮುಗುಡುತ್ತದೆ, ಗಾಬರಿ ಇನ್ನೂ ಏರುತ್ತದೆ. ಮುಖ್ಯವಾದ್ದು ಎಳೆಯುವುದಲ್ಲ, ನಿಧಾನಕ್ಕೆ ಬಿಡುವುದು.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟರೇ ದಿಗಿಲಾಗುತ್ತದೆ. ನಿಮಗೂ ಹಾಗಾದರೆ ಬಲವಂತ ಬೇಡ. ಎರಡೂ ಪಾದವನ್ನು ನೆಲಕ್ಕೆ ಒತ್ತಿ, ಕೋಣೆಯಲ್ಲಿರುವ ಐದು ವಸ್ತುಗಳನ್ನು ಒಂದೊಂದಾಗಿ ನಿಧಾನಕ್ಕೆ ನೋಡಿ. ಮುಖಕ್ಕೆ ತಣ್ಣೀರು ಹಾಕಿದರೂ ಎದೆಬಡಿತ ಇಳಿಯುತ್ತದೆ. ನೀರಿಗೆ ಮುಳುಗುವ ಪ್ರಾಣಿಗಳಲ್ಲಿ ಇರುವ ಪ್ರತಿವರ್ತನೆ ಇದು, ನಮ್ಮಲ್ಲೂ ಉಳಿದಿದೆ. ಹೃದಯದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ತಣ್ಣೀರಿನ ಪ್ರಯೋಗ ಮಾಡಬಾರದು.

ಮೂರನೇ ಹೆಜ್ಜೆ: ಸರಿಯಾದ ಹೆಸರು ಹುಡುಕಿ

ಈ ಹೆಜ್ಜೆಯನ್ನು ಜನ ಹಾರಿಸಿಬಿಡುತ್ತಾರೆ. ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ.

2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಜೊತೆಗಾರರು, ಸಿಟ್ಟು ಅಥವಾ ಭಯ ತುಂಬಿದ ಮುಖಗಳ ಚಿತ್ರಗಳನ್ನು ಜನರಿಗೆ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಆ ಮುಖದಲ್ಲಿ ಇರುವ ಭಾವನೆಗೆ ಹೆಸರು ಆರಿಸಿದಾಗ ಅಮಿಗ್ಡಲಾದ ಚಟುವಟಿಕೆ ತಗ್ಗಿತು, ಪ್ರಿಫ್ರಂಟಲ್ ಕಾರ್ಟೆಕ್ಸಿನ ಬಲಬದಿಯ ಒಂದು ಭಾಗ ಚುರುಕಾಯಿತು. ಬರೀ ಹೆಸರಿಟ್ಟದ್ದು, ಅಷ್ಟೇ. ಸಮಾಧಾನ ಹೇಳಿದ್ದಿಲ್ಲ, ಪರಿಹಾರ ಕೊಟ್ಟಿದ್ದಿಲ್ಲ.

ಕನ್ನಡದಲ್ಲಿ ನಮಗೊಂದು ತೊಡಕಿದೆ. ಅದು "ಬೇಜಾರು" ಎಂಬ ಪದ. ಪರೀಕ್ಷೆಯಲ್ಲಿ ಫೇಲಾದರೂ ಬೇಜಾರು, ಗೆಳತಿ ಫೋನ್ ಎತ್ತದಿದ್ದರೂ ಬೇಜಾರು, ಭಾನುವಾರ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ತೀರಿಕೊಂಡರೂ ಬೇಜಾರು. ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಹೆಸರು ಒಂದೇ ಆದರೆ ಮೆದುಳು ಯಾವ ಮದ್ದು ಹುಡುಕಬೇಕು? ಆದ್ದರಿಂದ "ಬೇಜಾರಾಗಿದೆ" ಎಂದು ಬಾಯಿಗೆ ಬಂದಾಗ ಅಲ್ಲೇ ನಿಲ್ಲಿ, ಒಂದು ಮೆಟ್ಟಿಲು ಕೆಳಗಿಳಿಯಿರಿ. ಇದು ಕೊರಗಾ? ನಿರಾಸೆಯಾ? ಒಂಟಿತನವಾ? ಅವಮಾನವಾ? ಹೊಟ್ಟೆಕಿಚ್ಚಾ? ಸುಸ್ತಾ?

ಪದಗಳಿಗೆ ನಮ್ಮಲ್ಲಿ ಬರವಿಲ್ಲ. ಸಿಟ್ಟಿನ ಮನೆಯಲ್ಲೇ ಎಷ್ಟು ಜನ! ಕಿರಿಕಿರಿ ಬೇರೆ, ರೇಗು ಬೇರೆ, ರೋಷ ಬೇರೆ. ಮುನಿಸು ಎಂದರೆ ಹತ್ತಿರದವರ ಮೇಲೆ ಮಾತ್ರ ಬರುವಂಥದ್ದು, ಅದರೊಳಗೆ ಪ್ರೀತಿ ಇದೆ. ಸೆಡವು ಎಂದರೆ ಸೆಟೆದು ನಿಲ್ಲುವುದು. ಹೆದರಿಕೆಯ ಮನೆಯಲ್ಲಿ ಅಳುಕು, ದಿಗಿಲು, ಗಾಬರಿ, ಕಳವಳ, ತಳಮಳ ಇವೆ. ಎದುರಿಗೆ ಬಂದದ್ದಕ್ಕೆ ಆಗುವುದು ಗಾಬರಿ, ಇನ್ನೂ ಬಾರದೆ ಇರುವುದಕ್ಕೆ ಆಗುವುದು ಕಳವಳ. ಗಾಬರಿಗೆ ಕೆಲಸ ಬೇಕು, ಕಳವಳಕ್ಕೆ ಸುದ್ದಿ ಬೇಕು. ಹೆಸರು ಸರಿಯಾಗಿ ಸಿಕ್ಕಾಗ ಒಳಗೆ ಏನೋ ಸಡಿಲವಾಗುತ್ತದೆ, ನೀವೇ ಗುರುತಿಸುತ್ತೀರಿ.

ಒಮ್ಮೆ ನನ್ನ ತಾಯಿಯ ಸ್ಕ್ಯಾನ್ ವರದಿಗೆ ಒಂದು ಆಸ್ಪತ್ರೆಯಲ್ಲಿ ಕಾಯುತ್ತಿದ್ದೆವು. "ಇನ್ನೂ ಎಷ್ಟು ಹೊತ್ತು?" ಎಂದು ತಮ್ಮ ಮೂರನೇ ಸಲ ಕೇಳಿದ. ನಾನು ಅವನ ಮೇಲೆ ಹರಿಹಾಯ್ದೆ. ಅವನು ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಾದ ಮೇಲೆ ಭುಜ ಇಳಿಸಿ, ಉಸಿರು ಬಿಟ್ಟು, ಇದೇನು ಅಂತ ಕೇಳಿಕೊಂಡೆ. ಸಿಟ್ಟು ಅಲ್ಲವೇ ಅಲ್ಲ. ಅಮ್ಮನಿಗೆ ಏನಾದರೂ ಆಗಿಬಿಟ್ಟರೆ ಎಂಬ ದಿಗಿಲು. ಅದನ್ನೇ ಹೋಗಿ ಅವನಿಗೆ ಹೇಳಿದೆ: "ನನಗೆ ಹೆದರಿಕೆ ಆಗಿದೆ ಕಣೋ." ಅವನು, "ನಂಗೂ ಅಕ್ಕ" ಎಂದ. ಅವನ ಮೂರು ಸಲದ ಪ್ರಶ್ನೆಯೂ ಅದೇ ಆಗಿತ್ತು.

ಬರೆದರೆ ಇನ್ನೂ ಒಳ್ಳೆಯದು. "ನಾನು ಸಿಟ್ಟಿನವಳು" ಎಂದು ಬರೆಯಬೇಡಿ. "ನನಗೆ ಈಗ ಸಿಟ್ಟು ಬಂದಿದೆ" ಎಂದು ಬರೆಯಿರಿ. ಬಂದದ್ದು ಹೋಗುತ್ತದೆ. ಈ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಓದುವಾಗ ಮನಸ್ಸಿಗೆ ಗೊತ್ತಾಗುತ್ತದೆ.

ನಾಲ್ಕನೇ ಹೆಜ್ಜೆ: ಅರ್ಧ ಗಂಟೆ ಕೊಡಿ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆ ಇದೆ. ಕಾರ್ಟಿಸಾಲಿನ ಅಂಕಿ ನೆನಪಿದೆಯಲ್ಲ, 20ರಿಂದ 30 ನಿಮಿಷ? ಜಗಳ ನಿಂತ ಮೇಲೂ ರಕ್ತದಲ್ಲಿ ಅದು ಏರುತ್ತಲೇ ಇರಬಹುದು. "ಈಗ ಶಾಂತವಾಗಿದ್ದೇನೆ" ಎಂದು ಐದು ನಿಮಿಷಕ್ಕೇ ಅನ್ನಿಸಿದರೆ ನಂಬಬೇಡಿ. ಮೆಸೇಜು ಟೈಪ್ ಮಾಡಿದ್ದರೆ ಕಳಿಸದೆ ಇಡಿ. ಮಾತು ನಡೆಯುತ್ತಿದ್ದರೆ, "ನನಗೆ ಅರ್ಧ ಗಂಟೆ ಬೇಕು, ವಾಪಸ್ ಬಂದು ಮಾತಾಡ್ತೀನಿ" ಎಂದು ಹೇಳಿ ಎದ್ದು ಹೋಗಿ. "ವಾಪಸ್ ಬರ್ತೀನಿ" ಎಂಬುದನ್ನು ಹೇಳುವುದು ಮುಖ್ಯ. ಇಲ್ಲದಿದ್ದರೆ ಎದುರಿನವರ ಅಮಿಗ್ಡಲಾ ಎದ್ದು ಕೂರುತ್ತದೆ.

ಆ ಅರ್ಧ ಗಂಟೆ ಏನು ಮಾಡಬೇಕು? ನಿಧಾನಕ್ಕೆ ನಡೆಯಿರಿ, ಪಾತ್ರೆ ತೊಳೆಯಿರಿ, ಬಟ್ಟೆ ಮಡಚಿ. ದಿಂಬಿಗೆ ಗುದ್ದಿ ಸಿಟ್ಟು ಹೊರಹಾಕಿ ಎಂಬ ಸಲಹೆಯನ್ನು ಮಾತ್ರ ಪಾಲಿಸಬೇಡಿ. ಬ್ರಾಡ್ ಬುಷ್‌ಮನ್ ಎಂಬ ಮನೋವಿಜ್ಞಾನಿ 2002ರಲ್ಲಿ ಇದನ್ನೇ ಪರೀಕ್ಷಿಸಿದರು. ಕೆಣಕಿದವನನ್ನು ನೆನೆಯುತ್ತಾ ಗುದ್ದುಚೀಲಕ್ಕೆ ಹೊಡೆದವರ ಸಿಟ್ಟು, ಸುಮ್ಮನೆ ಕೂತವರಿಗಿಂತ ಜಾಸ್ತಿ ಇತ್ತು. ಬೆಂಕಿಗೆ ಗಾಳಿ ಹಾಕಿದಂತೆ ಅದು.

ಐದನೇ ಹೆಜ್ಜೆ: ಈಗ ಯೋಚಿಸಿ

ಮೈ ಇಳಿದಿದೆ, ಹೆಸರು ಸಿಕ್ಕಿದೆ, ಹೊತ್ತು ಕಳೆದಿದೆ. ಹಣೆಯ ಹಿಂದಿನ ಭಾಗ ಈಗ ಕೆಲಸಕ್ಕೆ ಮರಳಿದೆ. ಮೊದಲು ಸೋತ ಸಮಾಧಾನದ ಮಾತು ಈಗ ಗೆಲ್ಲಬಹುದು.

ಜೇಮ್ಸ್ ಗ್ರಾಸ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಎರಡು ವಿಧಾನಗಳನ್ನು ಹೋಲಿಸಿ ನೋಡಿದ್ದಾರೆ. ಒಂದು, ಭಾವನೆಯನ್ನು ಮುಖದಲ್ಲಿ ತೋರಿಸದೆ ನುಂಗಿಕೊಳ್ಳುವುದು. ಇನ್ನೊಂದು, ನಡೆದದ್ದನ್ನು ಬೇರೆ ಕೋನದಿಂದ ನೋಡುವುದು. ನುಂಗಿಕೊಂಡವರ ಮುಖ ಶಾಂತವಾಗಿ ಕಂಡರೂ ಒಳಗೆ ಸಿಂಪಥೆಟಿಕ್ ನರಗಳ ಓಟ ಹೆಚ್ಚಿತ್ತು. ಕೋನ ಬದಲಿಸಿದವರಲ್ಲಿ ಭಾವನೆಯೇ ತಗ್ಗಿತು. ಹಲ್ಲು ಕಚ್ಚಿ ಸಹಿಸುವುದನ್ನು ನಾವು ದೊಡ್ಡ ಗುಣ ಎಂದು ಹೊಗಳುತ್ತೇವೆ. ಅದರ ಬೆಲೆಯನ್ನು ಮೈ ತೆರುತ್ತದೆ.

ಕೋನ ಬದಲಿಸುವುದು ಎಂದರೆ ಸುಳ್ಳು ಸಮಾಧಾನ ಅಲ್ಲ. ಆ ರಾತ್ರಿಯ ಮೆಸೇಜನ್ನೇ ತೆಗೆದುಕೊಳ್ಳಿ. "ಏನೂ ಆಗಲ್ಲ" ಎಂದರೆ ಮೆದುಳು ನಂಬುವುದಿಲ್ಲ, ಯಾಕೆಂದರೆ ನಿಮಗೆ ಅದು ಗೊತ್ತಿಲ್ಲ. "ಹೀಗೆ ಕರೆಯಲು ಇನ್ನೂ ಯಾವ ಮೂರು ಕಾರಣ ಇರಬಹುದು?" ಎಂದು ಕೇಳಿಕೊಳ್ಳಿ. ಅದಕ್ಕೆ ನಿಜವಾದ ಉತ್ತರಗಳಿವೆ. ನಿಮ್ಮ ಹೆಸರನ್ನೇ ಹಿಡಿದು, ಬೇರೆಯವರನ್ನು ಕೇಳುವಂತೆ ಕೇಳಿಕೊಂಡರೆ ಇನ್ನೂ ಸುಲಭ. ಹೀಗೆ ತಮ್ಮನ್ನು ಹೆಸರಿಂದ ಮಾತಾಡಿಸಿಕೊಂಡವರು ಒತ್ತಡದ ಭಾಷಣವನ್ನು ಹೆಚ್ಚು ಚೆನ್ನಾಗಿ ನಿಭಾಯಿಸಿದ್ದು ಈಥನ್ ಕ್ರಾಸ್ ತಂಡದ 2014ರ ಅಧ್ಯಯನದಲ್ಲಿ ಕಂಡಿದೆ.

ವೇದಿಕೆ, ಸಂದರ್ಶನ, ಪರೀಕ್ಷೆ ಇಂಥ ಕಡೆ ಇನ್ನೊಂದು ಉಪಾಯ ಇದೆ. ಎದೆ ಹೊಡೆದುಕೊಳ್ಳುವಾಗ "ಶಾಂತವಾಗಿರು" ಎನ್ನುವ ಬದಲು "ನನಗೆ ಹುರುಪು ಬಂದಿದೆ" ಎಂದು ಗಟ್ಟಿಯಾಗಿ ಹೇಳಿಕೊಳ್ಳಿ. ಅಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ತೋರಿಸಿದಂತೆ ಹಾಡು, ಭಾಷಣ, ಲೆಕ್ಕ ಮೂರರಲ್ಲೂ ಹೀಗೆ ಹೇಳಿಕೊಂಡವರು ಮುಂದಿದ್ದರು. ಹುರುಪಿಗೂ ಆತಂಕಕ್ಕೂ ಮೈಯ ತಯಾರಿ ಹೆಚ್ಚುಕಡಿಮೆ ಒಂದೇ. ಮೈಯನ್ನು ಬದಲಿಸುವ ಕೆಲಸವೇ ಇಲ್ಲ, ಹೆಸರು ಬದಲಿಸಿದರೆ ಸಾಕು.

ಆರನೇ ಹೆಜ್ಜೆ: ಹಳೆಯ ಹೆದರಿಕೆಗೆ ಹೊಸ ಪಾಠ

ಕೆಲವು ಭಯಗಳು ಮತ್ತೆ ಮತ್ತೆ ಬರುತ್ತವೆ. ಫೋನಿನಲ್ಲಿ ಅಪರಿಚಿತರ ಜೊತೆ ಮಾತಾಡುವುದು, ನಾಯಿ, ಲಿಫ್ಟು, ಗುಂಪಿನಲ್ಲಿ ಬಾಯಿ ಬಿಡುವುದು. ಇವುಗಳಿಂದ ತಪ್ಪಿಸಿಕೊಂಡಾಗ ತಕ್ಷಣ ಹಾಯೆನ್ನಿಸುತ್ತದೆ. ಆ ಹಾಯೇ ಮೆದುಳಿಗೆ "ತಪ್ಪಿಸಿಕೊಂಡದ್ದಕ್ಕೇ ಉಳಿದೆ" ಎಂಬ ಪಾಠ ಕಲಿಸುತ್ತದೆ. ಭಯ ಬಲಿಯುವುದು ಹೀಗೆ.

ತಿರುಗಿಸುವ ದಾರಿ ಚಿಕ್ಕ ಮೆಟ್ಟಿಲುಗಳದ್ದು. ಭಯಕ್ಕೆ ಹತ್ತರಲ್ಲಿ ಅಂಕ ಕೊಡಿ. ಮೂರು ಅಂಕದಷ್ಟು ಹೆದರಿಸುವ ಕೆಲಸದಿಂದ ಶುರುಮಾಡಿ. ಫೋನಿನ ಹೆದರಿಕೆ ಇದ್ದರೆ, ಮೊದಲು ಅಂಗಡಿಗೆ ಕರೆ ಮಾಡಿ ಎಷ್ಟು ಗಂಟೆಗೆ ಮುಚ್ಚುತ್ತೀರಿ ಎಂದು ಕೇಳಿ. ಭಯ ಇಳಿಯುವವರೆಗೂ ಅಲ್ಲಿಂದ ಓಡಬೇಡಿ. ಅದನ್ನೇ ಬೇರೆ ಬೇರೆ ದಿನ, ಬೇರೆ ಬೇರೆ ಜಾಗದಲ್ಲಿ ಮಾಡಿ. ಆಮೇಲೆ ನಾಲ್ಕಕ್ಕೆ ಏರಿ.

ವಾಸಿಯಾಯಿತು ಅಂದುಕೊಂಡ ಭಯ ಮತ್ತೆ ತಲೆ ಎತ್ತಿದರೆ ಕುಗ್ಗಬೇಡಿ. ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ನಾಯಿಗಳಲ್ಲಿ ನೂರು ವರ್ಷದ ಹಿಂದೆಯೇ ಇದನ್ನು ಕಂಡಿದ್ದರು. ಗಂಟೆ ಬಾರಿಸಿದರೆ ಊಟ ಬರುತ್ತದೆ ಎಂದು ಕಲಿತ ನಾಯಿ ಗಂಟೆ ಕೇಳಿದರೇ ಜೊಲ್ಲು ಸುರಿಸುತ್ತಿತ್ತು. ಊಟ ಕೊಡದೆ ಬರೀ ಗಂಟೆ ಬಾರಿಸುತ್ತಾ ಹೋದಾಗ ಅದನ್ನು ಬಿಟ್ಟಿತು, ಆದರೆ ಬಿಡುವು ಕೊಟ್ಟ ಮೇಲೆ ಮತ್ತೆ ಸುರಿಸುತ್ತಿತ್ತು. ಹಳೆಯ ಪಾಠ ಅಳಿಸಿಹೋಗುವುದಿಲ್ಲ. ಅದರ ಮೇಲೆ ಹೊಸ ಪಾಠ ಕೂರುತ್ತದೆ. ಅದನ್ನು ಆಗಾಗ ಮೆಲುಕು ಹಾಕಬೇಕು.

ದಿನನಿತ್ಯದ ನೆಲ

ಮೇಲಿನದೆಲ್ಲ ಭಾವನೆ ಉಕ್ಕಿದ ಹೊತ್ತಿನ ಕೆಲಸ. ಉಕ್ಕುವ ಮೊದಲು ಮಾಡಬೇಕಾದ್ದರಲ್ಲಿ ನಿದ್ದೆಗೆ ಮೊದಲ ಜಾಗ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ನಿದ್ದೆ ಇಲ್ಲದವರಿಗೆ ಮನಸ್ಸು ಕೆಡಿಸುವ ಚಿತ್ರಗಳನ್ನು ತೋರಿಸಿದಾಗ ಅವರ ಅಮಿಗ್ಡಲಾ, ನಿದ್ದೆ ಮಾಡಿದವರಿಗಿಂತ ಶೇಕಡಾ 60ರಷ್ಟು ಹೆಚ್ಚು ಕೆರಳಿತು. ಪ್ರಿಫ್ರಂಟಲ್ ಭಾಗದ ಜೊತೆ ಅದರ ಸಂಪರ್ಕವೂ ಸಡಿಲವಾಗಿತ್ತು. ರಾತ್ರಿ ಹನ್ನೊಂದರ ಮೇಲೆ ಮನೆಯಲ್ಲಿ ದೊಡ್ಡ ವಿಷಯ ಎತ್ತಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಓಡಾಟ, ಬಿಸಿಲು, ಹೊತ್ತಿಗೆ ಸರಿಯಾಗಿ ಊಟ ಇವೂ ಬೇಕು. ಅದು ನಿಮಗೆ ಗೊತ್ತಿರುವುದೇ.

ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದೆ ಹೋದರೆ, ಗಾಬರಿಯ ದಾಳಿಗಳು ಮರುಕಳಿಸಿದರೆ, ನಿದ್ದೆ ಹಸಿವು ಎರಡೂ ಕೆಟ್ಟರೆ, ಈ ಹೆಜ್ಜೆಗಳನ್ನೇ ನೆಚ್ಚಿ ಕೂರಬೇಡಿ. ವೈದ್ಯರನ್ನು ನೋಡಿ. ಬದುಕು ಬೇಡ ಎಂಬ ಯೋಚನೆ ಬಂದರೆ ಅದೇ ದಿನ ನೋಡಿ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ. ಮೊದಲ ಸಲ ಎದೆನೋವು, ಉಸಿರುಗಟ್ಟುವಿಕೆ ಬಂದರೆ "ಇದು ಬರೀ ಟೆನ್ಷನ್" ಎಂದು ನೀವೇ ತೀರ್ಮಾನ ಮಾಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಎದುರಿನವರು ಉಕ್ಕಿದಾಗ

ಇದೇ ಸರದಿ ಬೇರೆಯವರಿಗೂ ಒದಗುತ್ತದೆ. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೇಮ್ಸ್ ಕೋನ್ ಎಂಬ ಮನೋವಿಜ್ಞಾನಿ 16 ಮಂದಿ ವಿವಾಹಿತ ಮಹಿಳೆಯರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಕಾಲಿಗೆ ಚಿಕ್ಕ ಶಾಕ್ ತಗಲಬಹುದು ಎಂದು ಮುನ್ಸೂಚನೆ ಕೊಟ್ಟರು. ಒಬ್ಬರೇ ಇದ್ದಾಗ ಮೆದುಳಿನ ಅಪಾಯದ ಭಾಗಗಳು ಜೋರಾಗಿ ಎದ್ದವು. ಅಪರಿಚಿತರ ಕೈ ಹಿಡಿದಾಗ ಸ್ವಲ್ಪ ತಗ್ಗಿದವು. ಗಂಡನ ಕೈ ಹಿಡಿದಾಗ ಇನ್ನೂ ತಗ್ಗಿದವು. ಸಂಬಂಧ ಚೆನ್ನಾಗಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ತಗ್ಗಿದವು.

ಹಾಗಾಗಿ ಮಗು ನೆಲಕ್ಕೆ ಬಿದ್ದು ಹೊರಳಾಡಿ ಅಳುವಾಗ ಪಾಠ ಹೇಳಬೇಡಿ. ಪ್ರಿಫ್ರಂಟಲ್ ಕಾರ್ಟೆಕ್ಸ್ ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿನಲ್ಲಿ. ಮೂರು ವರ್ಷದ ಮಗುವಿನಲ್ಲಿ ಅದು ಆಗತಾನೇ ಚಿಗುರುತ್ತಿದೆ, ಹದಿನೈದರ ಹುಡುಗನಲ್ಲೂ ಅರ್ಧ ಕಟ್ಟಿದ ಮನೆ. ಹತ್ತಿರ ಹೋಗಿ, ಅದರ ಎತ್ತರಕ್ಕೆ ಕೂರಿ. ಮೊದಲು ನಿಮ್ಮ ಉಸಿರು ಸರಿಮಾಡಿಕೊಳ್ಳಿ. ಬೇಡ ಎನ್ನದಿದ್ದರೆ ಬೆನ್ನಿನ ಮೇಲೆ ಕೈಯಿಟ್ಟು ನಿಧಾನಕ್ಕೆ ಸವರಿ. ಚರ್ಮದಲ್ಲಿ ಇಂಥ ನಿಧಾನದ ಸವರಿಕೆಗೆಂದೇ ಸ್ಪಂದಿಸುವ ನರದ ಎಳೆಗಳಿವೆ, ಸೆಕೆಂಡಿಗೆ ಸುಮಾರು ಮೂರು ಸೆಂಟಿಮೀಟರ್ ವೇಗ ಅವಕ್ಕೆ ಹಿತ. "ಆಟ ನಿಲ್ಲಿಸಿದ್ದಕ್ಕೆ ಸಿಟ್ಟು ಬಂತಾ?" ಎಂದು ಹೆಸರು ಕೊಡಿ. ಉತ್ತರಕ್ಕೆ ಅವಸರ ಮಾಡಬೇಡಿ. ಬಿಕ್ಕು ನಿಂತು, ಆ ಎರಡೆಳೆಯ ನಿಟ್ಟುಸಿರು ಬಂದ ಮೇಲೆ ಮಾತು ಶುರುಮಾಡಿ.